ಬೇಸಿಗೆಯ ಸೊಪ್ಪು

2 ಮಾರ್ಚ್ 2025, ಭಾನುವಾರ. ಬೆಳಿಗ್ಗೆ 7. ಮಧುಗಿರಿ

ರಕ್ತ ನೋಡುವ ಮೀಟರ್ ಚಾರ್ಜಿಗೆ ಇಟ್ಟೆ. ಸ್ಟ್ರಿಪ್ಪು ಎರಡು ಡಬ್ಬ ಉಳಿದಿವೆ, ಈ ತಿಂಗಳಿಗೆ ಸಾಕು. ಹಾಲು ಒಡೆದಿತ್ತು. ಕಪ್ಪು ಕಾಫಿ. ಕುಲ್ಸುಮ್ ಎಂಟರ ಬಸ್ಸಿಗೆ ಶಿರಾದಿಂದ ಬರಬೇಕು. ಇಪ್ಪತ್ತು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿ ಪಳಗಿದ ಕೈ. ಅವಳು ಚುಚ್ಚಿದರೆ ಮಕ್ಕಳೂ ಅಳುವುದಿಲ್ಲ. ಇವತ್ತು ಮೊದಲ ರೋಜಾ, ಮನೆಯಲ್ಲಿರು ಎಂದು ಫೋನಿನಲ್ಲಿ ಹೇಳಿದೆ. ಕೇಳಲಿಲ್ಲ. "ಬೆರಳು ಚುಚ್ಚಕ್ಕೆ ಹೊಟ್ಟೆ ತುಂಬಿರ್ಬೇಕಾ ಮೇಡಂ?"

ಮಧ್ಯಾಹ್ನ 3

ನಮ್ಮ ಅಧ್ಯಯನದ ಬೇಸಿಗೆ ಫಾರ್ಮು ಪ್ರಿಂಟಿಗೆ ಹೋಯಿತು. ಮಾರ್ಚ್‌ನಿಂದ ಮೇವರೆಗಿನದು. 'ವಾರಕ್ಕೆ ಎಷ್ಟು ಸಲ ಸೊಪ್ಪು' ಎಂಬ ಕಾಲಂ ತೆಗೆದುಹಾಕಿದೆ. ಕುಲ್ಸುಮ್‌ಗೆ ಸಮಾಧಾನವಿಲ್ಲ. "ಇರ್ಲಿ ಬಿಡಿ ಮೇಡಂ, ತಿನ್ನದೇ ಇದ್ರೆ ಸೊನ್ನೆ ಬರಕೊಂಡ್ರಾಯ್ತು." ರೇಗಿತು. ಕೊಳಾಲದಲ್ಲಿ ಹುಟ್ಟಿದವಳು ನಾನು. ಅಜ್ಜಿಯ ಹಿಂದೆ ಬದು ಬದು ತಿರುಗಿ ಸೊಪ್ಪು ಬಿಡಿಸಿದವಳು. ಶಿವರಾತ್ರಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಹುಡುಕಿದರೂ ಹಸಿರು ಕಾಣುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಲವತ್ತೊಂದು ಜನಕ್ಕೆ ಮೂರು ತಿಂಗಳು ಸೊನ್ನೆ ಬರೆಯುವುದು ದಂಡ. ಹಾಗೇ ಹೇಳಿದೆ.

ನಾಲ್ಕು ತಾಲ್ಲೂಕು, ನಲವತ್ತೊಂದು ಜನ. ಎಲ್ಲರ ಎದೆಯಲ್ಲೂ ಲೋಹದ ಕವಾಟ, ಎಲ್ಲರೂ ದಿನಾ ವಾರ್ಫರಿನ್ ನುಂಗುವವರು. ಮಾತ್ರೆ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಸೊಪ್ಪು ಅದಕ್ಕೆ ಉಲ್ಟಾ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಮನೆಮನೆಯಲ್ಲೂ ಬೆರಕೆ ಸೊಪ್ಪಿನ ಸಾರು, ಆಗ ಡೋಸ್ ಜಾಸ್ತಿ ಬೇಕು. ಬೇಸಿಗೆಯಲ್ಲಿ ಸೊಪ್ಪಿಲ್ಲ, ಅದೇ ಡೋಸ್ ವಿಷ. ಹೋದ ಏಪ್ರಿಲ್‌ನಲ್ಲಿ ನಮ್ಮ ಪಟ್ಟಿಯ ಅಡವಯ್ಯನ ಮೂಗಿನಿಂದ ಎರಡು ದಿನ ರಕ್ತ ನಿಲ್ಲಲೇ ಇಲ್ಲ. ಪಾಪ, ಬದುಕಿದ್ದೇ ಹೆಚ್ಚು. ಅದಕ್ಕೇ ಈ ಸಲ ಬಿಸಿಲು ಏರುವ ಮೊದಲೇ ಎಲ್ಲರ ಡೋಸ್ ಇಳಿಸುವುದು. ಯೋಚನೆ ನನ್ನದು. ಸಹಿ ತುಮಕೂರಿನ ಹೃದಯದ ಡಾಕ್ಟರು ರಂಗರಾಜು ಅವರದು, ಒಪ್ಪಿಗೆ ಅವರ ಆಸ್ಪತ್ರೆಯ ಎಥಿಕ್ಸ್ ಕಮಿಟಿಯದು.

16 ಮಾರ್ಚ್, ಭಾನುವಾರ. ಸಂಜೆ

ಪಾವಗಡ ಸುತ್ತು. ಏಳು ಮನೆ. ಬೆನ್ನು ಮುರಿದುಹೋಗಿದೆ.

ಕೊನೆಗೆ ಬಲಸಮುದ್ರದ ಕದರಮ್ಮ. ಮೂವತ್ತಾರು ವರ್ಷ. ಚಿಕ್ಕಂದಿನ ಕೀಲುಜ್ವರ ಕವಾಟ ತಿಂದುಹಾಕಿತ್ತು. ಹೊಸದು ಹಾಕಿ ಆರು ವರ್ಷವಾಯಿತು. ನನ್ನ ಪಟ್ಟಿಯಲ್ಲಿ ಅವಳಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನುಂಗಿದ ದಿನಕ್ಕೆಲ್ಲ ಸುತ್ತು ಹಾಕಿರುತ್ತಾಳೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಮಾಡುತ್ತದೆ ಎಂಬ ಅಳತೆ, ಐಎನ್‌ಆರ್, 3.1. ಎರಡೂವರೆಯಿಂದ ಮೂರೂವರೆಯೊಳಗೆ ಇದ್ದರೆ ಸರಿ ಎಂದು ಅವಳೇ ಕುಲ್ಸುಮ್‌ಗೆ ಹೇಳಿದಳು. "ಕೆಳೀಕ್ ಓದ್ರೆ ಎದೆಲಿ ಗಟ್ಟಿ ಆಯ್ತದೆ, ಮೇಲೀಕ್ ಓದ್ರೆ ನಿಲ್ಲಕಿಲ್ಲ. ಅಲ್ವ್ರಾ ಮೇಡಮ್ಮ?" ಅಂಗನವಾಡಿ ಮಗು ಪಾಠ ಒಪ್ಪಿಸಿದ ಹಾಗೆ. ನಗು ಬಂತು.

ಐದರಿಂದ ನಾಲ್ಕು ಮಿಲಿಗ್ರಾಂಗೆ ಇಳಿಸಿ ಬರೆದುಕೊಟ್ಟೆ. ಉಳಿದವರಿಗೆ ಎರಡು ವಾರ, ಇವಳ ಶಿಸ್ತಿಗೆ ಮುಂದಿನ ಟೆಸ್ಟು ಆರು ವಾರಕ್ಕೆ ಸಾಕು. ಏನೋ ಕೇಳಲು ಬಾಗಿಲವರೆಗೂ ಬಂದಳು. "ಮೇಡಮ್ಮ, ಸೊಪ್ಪು..." ಬಸ್ಸಿಗೆ ಹೊತ್ತಾಗಿತ್ತು. ಮಳೆ ಬರಲಿ ಕಣಮ್ಮ, ಸೊಪ್ಪಿನ ಮಾತು ಆಗ ಎಂದೆ.

30 ಮಾರ್ಚ್. ಯುಗಾದಿ

ಬೇವು ಬೆಲ್ಲ ಒಬ್ಬಳೇ ತಿಂದೆ. ಡೋಸ್ ಇಳಿಸಿದ ಮೇಲೆ ಇಲ್ಲಿಯವರೆಗೆ ಇಪ್ಪತ್ತಾರು ಜನರ ಫಲಿತಾಂಶ ಬಂದಿದೆ. ಇಪ್ಪತ್ತಾರೂ ಮಿತಿಯೊಳಗೆ! ಅಡವಯ್ಯನದು 2.8. ಫೋನ್ ಮಾಡಿ ಹೇಳಿದರೆ "ಅಂಗಾದ್ರೆ ಒಬ್ಬಟ್ಟು ತಿನ್ಬೋದಾ?" ಎಂದ. ತಿನ್ನಪ್ಪಾ, ಒಬ್ಬಟ್ಟಿಗೂ ರಕ್ತಕ್ಕೂ ಜಗಳವಿಲ್ಲ ಎಂದೆ. ಕುಲ್ಸುಮ್‌ಗೆ ನಾಳೆ ಹಬ್ಬ. ನಾಲ್ಕು ದಿನ ಇತ್ತ ಕಡೆ ತಲೆ ಹಾಕಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

11 ಏಪ್ರಿಲ್

ಕೊರಟಗೆರೆ ಕಾಲೇಜಿನಲ್ಲಿ ಇವತ್ತು ಸನ್ಮಾನ ಆಯಿತು. 'ಪರಿಚಯ' ಬರೆದು ಕಳಿಸಿ ಎಂದು ಲೆಕ್ಚರರ್ ಲೋಹಿತಾ ಎರಡು ಸಲ ಫೋನ್ ಮಾಡಿದ್ದಳು. ಬರೆಯಲು ಕೂತರೆ ಅರ್ಧ ಪುಟಕ್ಕೆ ಮುಗಿಯಿತು. ಮೊದಲ ಹನ್ನೆರಡು ವರ್ಷ ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂದು ಟ್ಯೂಬಿನಲ್ಲಿ ನೋಡಿದ್ದು. ಆಮೇಲೆ ಹದಿನೇಳು ವರ್ಷ ಔಷಧ ಕಂಪನಿಯಲ್ಲಿ, ಹೆಪ್ಪು ತಡೆಯುವ ಹೃದಯದ ಮಾತ್ರೆಗಳ ಮೇಲೆ ಕೆಲಸ. ನಿವೃತ್ತಿಯ ನಂತರ ಊರ ಕಡೆಯ ಸೊಪ್ಪು. ಕುಲ್ಸುಮ್ ಓದಿ ಹೇಳಿದಳು: "ಅಂದ್ರೆ ಮೊದ್ಲು ಗಂಟು ಹಾಕೋದು ಕಲಿತ್ರಿ, ಆಮೇಲೆ ಬಿಚ್ಚೋದು, ಈಗ ಅಡುಗೆ." ಅವಳ ಬಾಯಿಗೆ ಬೀಗವಿಲ್ಲ. ಅದನ್ನೇ ವೇದಿಕೆಯಲ್ಲಿ ಹೇಳಿದೆ. ಹುಡುಗಿಯರು ಚಪ್ಪಾಳೆ ಹೊಡೆದರು.

ಇಪ್ಪತ್ತೊಂಬತ್ತು ವರ್ಷ ನನ್ನ ಕೆಲಸದಲ್ಲಿ ಮನುಷ್ಯರ ಮುಖವೇ ಇರಲಿಲ್ಲ ಎಂದೂ ಹೇಳಬೇಕೆಂದಿದ್ದೆ. ಮರೆತೆ.

24 ಏಪ್ರಿಲ್. ಬೆಳಿಗ್ಗೆ 11

ಕದರಮ್ಮನ ಗಂಡ ಓಬಳಯ್ಯನ ಫೋನು. ಟ್ರ್ಯಾಕ್ಟರ್ ಓಡಿಸುವವನು, ಯಾವಾಗಲೂ ಕಿರುಚಿ ಮಾತಾಡುವವನು. ಇವತ್ತು ಗಂಟಲೇ ಇಲ್ಲ. "ಮಾತೇ ಬಿದ್ದೋಯ್ತು ಮೇಡಮ್ಮ. ಬಲಗೈ ಎತ್ತಕಿಲ್ಲ. ತಂಬಿಗೆ ಇಡ್ಕೊಂಡಿದ್ಲು, ಅಂಗೇ ಕುಸ್ದ್ಬುಟ್ಲು."

ತುಮಕೂರಿಗೆ ಸೀದಾ ಹೊರಡಿ ಎಂದೆ. ರಂಗರಾಜುಗೆ ಹೇಳಿದೆ. ಟೆಸ್ಟಿಗೆ ಇನ್ನು ಮೂರೇ ದಿನ ಇತ್ತು.

27 ಏಪ್ರಿಲ್. ಬೆಂಗಳೂರು

ತುಮಕೂರಿನಿಂದ ಇಲ್ಲಿಗೆ ಕಳಿಸಿದ್ದಾರೆ. ಕವಾಟದ ಮೇಲೆ ಹೆಪ್ಪು ಕೂತಿದೆ. ಒಂದು ಚೂರು ಮಿದುಳಿಗೆ ಹೋಗಿದೆ. ಸೇರಿಸಿದಾಗ ಐಎನ್‌ಆರ್ 1.4.

1.4! ನಾಲ್ಕು ಮಿಲಿಗ್ರಾಂ ನುಂಗುತ್ತಿದ್ದರೆ, ಸೊಪ್ಪಿಲ್ಲದ ಕಾಲದಲ್ಲಿ, ಇಷ್ಟು ಕೆಳಗೆ ಬರುವ ದಾರಿಯೇ ಇಲ್ಲ. ರಂಗರಾಜು ಫೋನಿನಲ್ಲಿ ಕೇಳಿದರು, ಏನಾಗಿರಬಹುದು ಮೇಡಂ. ಮಾತ್ರೆ ಬಿಟ್ಟಿದ್ದಾಳೆ, ಬೇರೇನು ಎಂದೆ. ಹಾಗೆಂದೇ ಬರೆದುಕೊಂಡರು.

ಸಿಟ್ಟು ಬರುತ್ತಿದೆ. ಅಷ್ಟು ಸಲ ಹೇಳಿದ್ದೆ. ಅಷ್ಟು ಚೆಂದ ಪಾಠ ಒಪ್ಪಿಸಿದಳಲ್ಲ. ಗಾಜಿನಾಚೆ ಮಲಗಿದ್ದಾಳೆ, ಬಾಯಿ ಒಂದು ಕಡೆಗೆ ವಾಲಿದೆ. ನನ್ನನ್ನು ನೋಡಿ ಏನೋ ಹೇಳಲು ಒದ್ದಾಡಿದಳು. ಓಬಳಯ್ಯನಿಗೆ ನಾನೇ ಹೇಳಿದೆ, ಮಾತ್ರೆ ತಪ್ಪಿಸಿದ್ದರಿಂದ ಹೀಗಾಯಿತು ಎಂದು. ಅವನು ಹಣೆ ಚಚ್ಚಿಕೊಂಡ.

4 ಮೇ

ಉಳಿದ ನಲವತ್ತು ಜನ ಚೆನ್ನಾಗಿದ್ದಾರೆ. ಒಬ್ಬರಿಗೂ ರಕ್ತಸ್ರಾವವಿಲ್ಲ. ವರದಿಯ ಕರಡು ಶುರು ಮಾಡಿದೆ. ಕದರಮ್ಮನದು ಅಡಿಟಿಪ್ಪಣಿ: 'ಒಬ್ಬ ರೋಗಿ ಔಷಧಿ ಪಾಲಿಸಲಿಲ್ಲ.'

ಕುಲ್ಸುಮ್ ಓದಿದಳು. ಹಾಳೆ ಮಗುಚಿ ಇಟ್ಟಳು. ಏನಮ್ಮಾ ಎಂದೆ. "ಕ್ಯಾಲೆಂಡರಲ್ಲಿ ಸುತ್ತು ಹಾಕೋಳು ಮೇಡಂ ಅವಳು" ಎಂದಳು. ಸುತ್ತು ಯಾರು ಬೇಕಾದರೂ ಹಾಕಬಹುದು ಎಂದೆ.

18 ಮೇ

ಕದರಮ್ಮನನ್ನು ಮನೆಗೆ ಕಳಿಸಿದ್ದಾರೆ. ಕುಲ್ಸುಮ್ ನನಗೆ ಹೇಳದೆ, ರಜಾದಿನ, ಬಲಸಮುದ್ರಕ್ಕೆ ಹೋಗಿ ಬಂದಿದ್ದಾಳೆ. ಗೂಡಿನಲ್ಲಿ ಖಾಲಿ ಮಾತ್ರೆಪಟ್ಟಿಗಳೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿವೆಯಂತೆ. ಮಾರ್ಚ್ ಹದಿನಾರರಿಂದ ಏಪ್ರಿಲ್ ಇಪ್ಪತ್ತಮೂರರವರೆಗೆ ಎಷ್ಟಿರಬೇಕೋ ಅಷ್ಟೇ ಗುಳಿ ಖಾಲಿ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಎಸೆದಿರಬಹುದು ಎಂದೆ. "ಎಸೆಯೋರು ಪಟ್ಟಿ ಜೋಡ್ಸಿ ಇಡ್ತಾರಾ ಮೇಡಂ?"

ಮುಂದಿನ ಭಾನುವಾರ ಇಬ್ಬರೂ ಬಲಸಮುದ್ರಕ್ಕೆ ಹೋಗೋಣ ಎಂದೆ.

25 ಮೇ, ಭಾನುವಾರ. ಬಲಸಮುದ್ರದಿಂದ ಬಂದು

ನೆಟ್ಟಗೆ ಬರೆಯಬೇಕು. ಆದದ್ದು ಆದ ಹಾಗೆ.

ಬೆಳಿಗ್ಗೆ ಹತ್ತಕ್ಕೆ ಹೋದೆವು. ಕದರಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮಡಿಲಲ್ಲಿ. ಕೇಳಿದ್ದೆಲ್ಲ ತಿಳಿಯುತ್ತದೆ, ಮಾತು ಒಂದೊಂದೇ. ಕುಲ್ಸುಮ್ ಟೆಸ್ಟ್ ಮಾಡಿದಳು. 1.9. ಬೆಂಗಳೂರಿನಲ್ಲಿ ಸರಿಮಾಡಿ ಕಳಿಸಿದ್ದರು, ಮತ್ತೆ ಇಳಿದಿದೆ.

ಓಬಳಯ್ಯ ಮಾತ್ರೆ ತಂದ. ಅವಳ ಕೈಗೆ ಕೊಡಲಿಲ್ಲ. ತಾನೇ ಬಾಯಿಗೆ ಹಾಕಿ, ನೀರು ಕುಡಿಸಿ, "ಬಾಯ್ ತಗಿ. ನಾಲ್ಗೆ ಎತ್ತು" ಎಂದ. ಬೆರಳು ಹಾಕಿ ನೋಡಿದ. ದಿನಾ ಹೀಗೆಯೇ ಅಂತೆ. ನಮ್ಮೆದುರಿಗೆ, ಬಾಗಿಲಲ್ಲಿ ನಿಂತ ಪಕ್ಕದ ಮನೆಯವರ ಎದುರಿಗೆ. "ನುಂಗ್ದೆ" ಎಂದಳು ಕದರಮ್ಮ. "ಸುಳ್ಳು ಬೊಗಳ್ಬ್ಯಾಡ. ಆವಾಗ್ಲೂ ಇಂಗೇ ಅಂತಿದ್ದೆ. ನಿನ್ನಿಂದಾನೇ ಈ ಮನೆ ಈ ಗತಿಗೆ ಬಂತು." ಅವಳು "ನುಂಗ್ದೆ, ನುಂಗ್ದೆ" ಎನ್ನುತ್ತಲೇ ಇದ್ದಳು. ಆಸ್ಪತ್ರೆಯಿಂದ ಬಂದಾಗಿನಿಂದ ಅದೊಂದೇ ಮಾತಂತೆ.

ದಿನಾ ನಾಲಗೆ ಎತ್ತಿ ನೋಡಿ ನುಂಗಿಸುತ್ತಿದ್ದಾನೆ. ಆದರೂ 1.9. ಹಾಗಾದರೆ ಮಾತ್ರೆಯ ಮಾತಲ್ಲ ಇದು. ಅಷ್ಟು ಹೊಳೆಯಿತು. ಮುಂದಕ್ಕೆ ಬುದ್ಧಿ ಓಡಲಿಲ್ಲ.

ಕದರಮ್ಮನ ಅತ್ತೆ ಆ ಸೀಮೆಯ ತೆಲುಗಿನಲ್ಲಿ ಬಾ, ಕೂರು ಎಂದು ಊಟಕ್ಕೆ ಎಬ್ಬಿಸಿದರು. "ರಾಮ್ಮಾ, ಕೂಚೋ. ಬಿಸಿ ಮುದ್ದೆ ಐತೆ." ಮುದ್ದೆ, ಸಾರು. ಹೊಟ್ಟೆ ಹಸಿದಿತ್ತು. ಎರಡು ತುತ್ತು ನುಂಗಿದೆ. ಎಷ್ಟು ರುಚಿ... ಅಜ್ಜಿಯ ಕೈಯ ಸಾರು ನೆನಪಾಯಿತು. ಮೂರನೇ ತುತ್ತಿಗೆ ಕೈ ನಿಂತಿತು. ಸೊಪ್ಪಿನ ಸಾರು. ಎಳೇ ಹೊನಗೊನ್ನೆ ಸೊಪ್ಪು. ಮೇ ತಿಂಗಳಲ್ಲಿ. ಪಾವಗಡದಲ್ಲಿ!

ಎಲ್ಲಿಂದ ಬಂತು ಎಂದು ಅತ್ತೆಯನ್ನು ಕೇಳಿದೆ.

"ಪೊನ್ನಗಂಟಿ ಕೂರ, ನಿಮ್ ಹೊನಗೊನ್ನೆ, ಅದೇ ಅಲ್ವಾ? ಸೋಲಾರ್ ತಾವ ಬೆಳೀತದೆ ಕಣಮ್ಮ. ಇವಳು ಜನವರಿಗೆ ಅಲ್ಲಿ ಗಾಜು ತೊಳ್ಯೋ ಕೆಲ್ಸಕ್ ಸೇರ್ಕಂಡ್ಲು. ದಿನಾ ಬುತ್ತಿ ಡಬ್ಬೀಲಿ ತುಂಬ್ಕಂಡ್ ಬರೋಳು. ಗೇಟಲ್ಲಿ ಬುಡಕಿಲ್ಲ ಅವ್ರು, ಅದ್ಕೇ ಡಬ್ಬೀಲಿ. ಈಗ ಪಕ್ಕದ್ಮನೆ ಮಂಜುಳಾ ತಂದ್ ಕೊಡ್ತಾಳೆ. ರಕ್ತ ಆಗ್ಲಿ ಅಂತ ಎರಡೊತ್ತೂ ಇಕ್ತಾ ಇವ್ನಿ."

ಕುಲ್ಸುಮ್ ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತಾ ಕೂತಳು.

ಕೈ ತೊಳೆದು ಬಂದೆ. ಎರಡು ಹೊತ್ತು ಬೇಡ, ವಾರಕ್ಕೆ ಎರಡೇ ಸಲ, ಒಂದೇ ಅಳತೆ ಎಂದು ಅತ್ತೆಗೆ ಹೇಳಿದೆ. ರಂಗರಾಜುಗೆ ಅಲ್ಲಿಂದಲೇ ಫೋನ್ ಮಾಡಿ 1.9 ಹೇಳಿದೆ. ಹೆಪ್ಪು ತಡೆಯುವ ಸೂಜಿಮದ್ದು ಮತ್ತೆ ಶುರು ಮಾಡಿ, ಡೋಸ್ ಏರಿಸಲು ಹೇಳಿದರು. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ. ಹೇಡಿ.

26 ಮೇ

ಬೆಳಿಗ್ಗೆ ಮತ್ತೆ ಬಲಸಮುದ್ರಕ್ಕೆ ಹೋಗಿ ಸೋಲಾರ್ ಪಾರ್ಕಿನ ಬೇಲಿಯವರೆಗೆ ನಡೆದೆ. ಒಳಗೆ ಬಿಡಲಿಲ್ಲ. ಹೊರಗಿನಿಂದಲೇ ಕಂಡಿತು. ಕಣ್ಣು ಹರಿದಷ್ಟು ದೂರ ಫಲಕಗಳ ಸಾಲು. ಸುತ್ತ ನೆಲ ಕಾದ ಹೆಂಚು. ಫಲಕ ತೊಳೆದ ನೀರು ತೊಟ್ಟಿಕ್ಕುವ ಕಡೆ ಮಾತ್ರ, ಪ್ರತಿ ಸಾಲಿನ ಕೆಳಗೂ ಗೇಣಗಲದ ಹಸಿರು. ಹೊನಗೊನ್ನೆ, ಗೋಣಿಸೊಪ್ಪು. ಮೈಲಿಗಟ್ಟಲೆ.

ನನ್ನ ಅಜ್ಜಿಯ ಕಾಲದಲ್ಲಿ ಇದು ಇರಲಿಲ್ಲ. ನನ್ನ ವಿಜ್ಞಾನವೆಲ್ಲ ಅಲ್ಲಿಗೇ ನಿಂತಿತ್ತು, ಕೊಳಾಲದ ಬದುವಿನ ಮೇಲೆ, ಹತ್ತು ವರ್ಷದ ಹುಡುಗಿಯ ಲಂಗದಲ್ಲಿ. ಹೊರಗಿನಿಂದ ಬಂದ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಏನೂ ಗೊತ್ತಿಲ್ಲದವರು ಕೇಳುತ್ತಾರೆ. ನಾನು ಊರವಳು. ಕೇಳಲಿಲ್ಲ.

ಕಾಲಂ ತೆಗೆದವಳು ನಾನು. ಡೋಸ್ ಇಳಿಸಿದವಳು ನಾನು. ಟೆಸ್ಟನ್ನು ಆರು ವಾರಕ್ಕೆ ದೂಡಿದವಳು ನಾನು. ಬಾಗಿಲವರೆಗೆ ಬಂದು 'ಸೊಪ್ಪು' ಎಂದವಳ ಬಾಯಿ ಮುಚ್ಚಿಸಿ ಬಸ್ಸು ಹತ್ತಿದವಳೂ ನಾನೇ. ಕೊನೆಗೆ ಸುಳ್ಳಿಯೆಂದು ಹೆಸರಿಟ್ಟು ಗಂಡನ ಕೈಗೆ ಕೊಟ್ಟವಳು. ಥೂ.

7 ಜೂನ್

ಹನ್ನೆರಡು ದಿನ ಈ ಡೈರಿ ಮುಟ್ಟಲಿಲ್ಲ.

ಕದರಮ್ಮನ ಐಎನ್‌ಆರ್ 2.7 ಇವತ್ತು. ಅದೊಂದು ಸಮಾಧಾನ. ಮಂಜುಳಾ ತಂದ ಸೊಪ್ಪನ್ನು ಪರೀಕ್ಷೆಗೆ ಕಳಿಸಿದ್ದ ಲ್ಯಾಬಿನಿಂದ ಫಲಿತಾಂಶ ಬಂತು. ಮಾತ್ರೆಗೆ ಎದುರಾಗುವ ವಿಟಮಿನ್ ಕೆ ಮಳೆಗಾಲದ ಸೊಪ್ಪಿಗಿಂತ ಒಂದು ಗುಂಜಿಯೂ ಕಡಿಮೆಯಿಲ್ಲ.

ರಂಗರಾಜು ಹತ್ತಿರ ತುಮಕೂರಿಗೆ ಹೋಗಿ ಎಲ್ಲ ಹೇಳಿದೆ. ಒಳ್ಳೆಯವರು, ಕೆಟ್ಟವರಲ್ಲ. "ಮೇಡಂ, ನಲವತ್ತು ಜನಕ್ಕೆ ಒಳ್ಳೇದಾಗಿದೆ. ಇದೊಂದು ಹೊರಗೆ ಬಂದ್ರೆ ಕಮಿಟಿಯವರು ಎಲ್ಲಾನೂ ನಿಲ್ಲಿಸ್ತಾರೆ. ಮುಂದಿನ ಫಾರ್ಮಲ್ಲಿ ಕಾಲಂ ಹಾಕೋಣ, ಸರಿ ಮಾಡೋಣ. ಆಕೆ ಹೇಗೂ ಚೇತರಿಸಿಕೊಳ್ತಿದ್ದಾಳೆ. ಹಳೇದು ಹಾಗೇ ಇರಲಿ."

ಒಂದು ಕ್ಷಣ... ಒಂದೇ ಕ್ಷಣವಲ್ಲ. ಬಸ್ಸಿನಲ್ಲಿ ಕೊರಟಗೆರೆ ದಾಟುವವರೆಗೂ ಅದು ಸರಿ ಎನಿಸಿತ್ತು. ಅಡವಯ್ಯನ ಮೂಗು ಈ ವರ್ಷ ಸೋರಲಿಲ್ಲ. ಅದು ಸುಳ್ಳಲ್ಲ. ಕೆಲಸ ನಿಂತರೆ ಮುಂದಿನ ಬೇಸಿಗೆಗೆ ಅವನನ್ನು ಯಾರು ನೋಡುತ್ತಾರೆ? ಅರವತ್ತೆರಡು ನನಗೆ. ಇನ್ನೊಂದು ಶುರು ಮಾಡುವ ವಯಸ್ಸಲ್ಲ. ಇದು ಹೋದರೆ ನಾನು ಯಾರು?

ಆಮೇಲೆ 'ನಾಲ್ಗೆ ಎತ್ತು' ಎಂಬುದು ಕಿವಿಯಲ್ಲಿ ಬಂತು. ರಂಗರಾಜು ಅದನ್ನು ನೋಡಿಲ್ಲ.

9 ಜೂನ್. ಮಧ್ಯಾಹ್ನ

ಕಮಿಟಿಗೆ ಪತ್ರ ಹೋಯಿತು. ರಂಗರಾಜುಗೂ ಒಂದು ಪ್ರತಿ. ನಾಲ್ಕು ಸಲ ಬರೆದು ಹರಿದೆ. 'ಗಮನಕ್ಕೆ ಬರಲಿಲ್ಲ', 'ಅನಿರೀಕ್ಷಿತ', ಹೀಗೆ ಪದಗಳು ತಾವೇ ಬಂದು ನನ್ನ ಕಾಪಾಡಲು ನಿಂತವು. ಐದನೆಯದರಲ್ಲಿ ಎಲ್ಲ ತೆಗೆದೆ. 'ಕೇಳಬೇಕಾದ್ದನ್ನು ನಾನು ಕೇಳಲಿಲ್ಲ. ಆಕೆ ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ.' ಅಷ್ಟೇ.

ಕುಲ್ಸುಮ್‌ಗೆ ತೋರಿಸಿದೆ. ನೀನು ಹೇಳಿದ್ದೆ, ನಾನು ಕೇಳಲಿಲ್ಲ, ತಪ್ಪಾಯಿತು ಎಂದೆ. "ನನ್ನ ಹತ್ರ ಯಾಕೆ ಮೇಡಂ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅವಳ ಹತ್ರ ಹೇಳಿ. ಅವನೆದುರಿಗೆ ಹೇಳಿ."

12 ಜೂನ್

ಕಮಿಟಿಯಿಂದ ಮೇಲ್. ವಿಚಾರಣೆ ಮುಗಿಯುವವರೆಗೆ ಕೆಲಸ ನಿಲ್ಲಿಸಬೇಕು. ನಲವತ್ತೊಂದು ಜನರ ಟೆಸ್ಟು ರಂಗರಾಜು ಅವರ ಆಸ್ಪತ್ರೆಯಿಂದಲೇ, ಕುಲ್ಸುಮ್ ಮೂಲಕ, ಹದಿನೈದು ದಿನಕ್ಕೊಮ್ಮೆ. ಅಷ್ಟನ್ನಾದರೂ ಉಳಿಸಿದರು. ರಂಗರಾಜು ಫೋನ್ ಎತ್ತುತ್ತಿಲ್ಲ. ಎತ್ತಬೇಕೆಂದೂ ಇಲ್ಲ.

15 ಜೂನ್, ಭಾನುವಾರ. ಸಂಜೆ. ಪಾವಗಡ ಬಸ್ ಸ್ಟ್ಯಾಂಡ್

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಬಿಸಿಯಿರುವಾಗಲೇ ಬರೆದುಬಿಡುತ್ತೇನೆ.

ಹೇಳಿದೆ. ಅಂಗಳದಲ್ಲಿ, ಎಲ್ಲರನ್ನೂ ಕೂರಿಸಿ. ಓಬಳಯ್ಯ, ಅತ್ತೆ, ಪಕ್ಕದ ಮನೆಯ ಮಂಜುಳಾ. ಕದರಮ್ಮ ಗೋಡೆಗೆ ಒರಗಿ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಸೊಪ್ಪು ಮಾತ್ರೆಯ ಶಕ್ತಿ ತೆಗೆಯುತ್ತದೆ ಎಂದೆ. ಬೇಸಿಗೆಯಲ್ಲಿ ಸೊಪ್ಪು ತಿನ್ನುತ್ತೀಯಾ ಎಂದು ನಾನು ಕೇಳಲಿಲ್ಲ ಎಂದೆ. ಕೇಳದೆ ಮಾತ್ರೆ ಕಡಿಮೆ ಮಾಡಿದೆ.

ಓಬಳಯ್ಯ ಒಪ್ಪಲಿಲ್ಲ. "ಡಾಕ್ಟ್ರು ಬರ್ದವ್ರಲ್ಲ ಮೇಡಮ್ಮ, ಮಾತ್ರೆ ನುಂಗಿಲ್ಲ ಅಂತ. ಓದ್ಸಿವ್ನಿ ನಾನು."

"ಡಾಕ್ಟ್ರಿಗೆ ಹಾಗೆ ಹೇಳಿದ್ದು ನಾನು. ಸುಳ್ಳು ಅದು. ಅವಳು ಎಲ್ಲಾ ನುಂಗಿದಾಳೆ. ಒಂದೂ ಬಿಟ್ಟಿಲ್ಲ. ತಪ್ಪು ನನ್ನದು ಓಬಳಯ್ಯ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ ದೇವ್ರೆ, ನಾನೇ ಇಕ್ಕಿದ್ನಲ್ಲ" ಎಂದರು. ನಿಮ್ಮದಲ್ಲ ಎಂದೆ. ಬೈಯುತ್ತಾನೆ, ಹೊಡೆಯಲು ಬಂದರೂ ಬರಲಿ ಎಂದುಕೊಂಡೇ ಹೋಗಿದ್ದೆ. ಓಬಳಯ್ಯ ಕೂತಲ್ಲೇ ಕೂತ. ಟವೆಲ್ಲು ತೆಗೆದು ಮುಖಕ್ಕೆ ಹಿಡಿದುಕೊಂಡ. "ಎಲ್ಡ್ ತಿಂಗ್ಳಾಯ್ತು" ಎಂದ, ಟವೆಲ್ಲಿನೊಳಗಿಂದಲೇ. "ಎಲ್ಡ್ ತಿಂಗ್ಳಿಂದ ನಾಯಿಗ್ ಬೋದಂಗೆ ಬೋದಿವ್ನಿ ಇವಳ್ನ."

ಕದರಮ್ಮ ಎಡಗೈ ಊರಿ ಎದ್ದಳು. ಮಂಜುಳಾ ಹಿಡಿಯಲು ಹೋದರೆ ಬೇಡವೆಂದು ತಳ್ಳಿದಳು. ಗೋಡೆ ಹಿಡಿದು, ಬಲಗಾಲು ಎಳೆಯುತ್ತಾ, ನಾಲ್ಕು ಹೆಜ್ಜೆ. ಗಂಡನ ಮುಂದೆ ನಿಂತು ಮುಖದ ಟವೆಲ್ಲು ಎಳೆದಳು. ತುಟಿ ಬಹಳ ಹೊತ್ತು ಒದ್ದಾಡಿತು. ಹೊಸ ಮಾತು. ಇಷ್ಟು ದಿನದಲ್ಲಿ ಆಡದ ಮಾತು.

"ಕೇಳುಸ್ತಾ?"

ಅವನು ತಲೆ ಎತ್ತಲಿಲ್ಲ. ಅವಳು ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ, "ಕೇಳುಸ್ತಾ?" ಎಂದು ಅಂಗಳದಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಾ ಬಂದಳು. ಕೊನೆಗೆ ನನ್ನನ್ನು. ಕೇಳಿಸಿತಮ್ಮಾ ಎನ್ನಬೇಕಿತ್ತು. ಬಾಯಿ ತೆರೆದೆ, ಆದರೆ ಅಂದು ಬಾಗಿಲಲ್ಲಿ 'ಸೊಪ್ಪು' ಎಂದಾಗ ಕೇಳಿಸಿಕೊಳ್ಳದವಳು ನಾನು, ಅವಳ ಕಣ್ಣು ನೋಡಿ ತಲೆಯನ್ನಷ್ಟೇ ಆಡಿಸಿದೆ.